ಕೂಗದ ಕೊಳಗಕ್ಕೆ ಲೆಕ್ಕವಿಲ್ಲ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಮೊದಲ ಬಸ್ಸು ಹೊರಡಲೋ ಬೇಡವೋ ಎಂದು ಗೊಣಗುತ್ತ ನಿಂತಿದೆ. ಅಲ್ಲಿಂದ ಕೂಗಳತೆಯ ದೂರದಲ್ಲಿರುವ ಬೀಜ ಬೆಳೆಗಾರರ ಸಂಘದ ಹಿಂಬಾಗಿಲಲ್ಲಿ ಅಡಿವೆವ್ವ ಸೆರಗಿನ ತುದಿಯ ಗಂಟು ಬಿಚ್ಚಿ ಕೀಲಿಕೈ ತೆಗೆಯುತ್ತಾರೆ. ಒಳಗೆ ಹೋದವರು ಮೊದಲು ಕಾಲಿಡುವುದು ಮೊಳಕೆ ಕೋಣೆಗೆ. ಒದ್ದೆ ಗೋಣಿತಟ್ಟಿನ ಸುರುಳಿಗಳಲ್ಲಿ ಮಲಗಿರುವ ಜೋಳ, ಭತ್ತ, ಹತ್ತಿ ಬೀಜಗಳಿಗೆ ನೀರು ಚಿಮುಕಿಸುತ್ತಾರೆ. ಆಮೇಲೆ ಕೈಯನ್ನು ಸೆರಗಿಗೆ ಒಂದು ಸಲ, ಗೋಡೆಯ ಮೊಳೆಗೆ ತೂಗುಹಾಕಿದ ಬಟ್ಟೆಗೆ ಇನ್ನೊಂದು ಸಲ ಒರೆಸಿಕೊಂಡು, ಪಕ್ಕದ ಕೋಣೆಯಲ್ಲಿ ಹಳೆಯ ಸೀರೆಯ ಮುಸುಕು ಹೊದ್ದು ಕುಳಿತಿರುವ ಕಂಪ್ಯೂಟರಿನ ಮುಂದೆ ಬಂದು ನಿಲ್ಲುತ್ತಾರೆ.

ಕೆಂಪು ಚೀಟಿ ಅಂಟಿಸಿದ ಫ್ಲಾಪಿ ಮೇಲಿನ ಸೀಳಿಗೆ, ನೀಲಿ ಚೀಟಿಯದು ಕೆಳಗಿನದಕ್ಕೆ. ಗುಂಡಿ ಒತ್ತಿದರೆ ಯಂತ್ರ ಗರಗರ ಎಂದು ಎಚ್ಚರಗೊಂಡು, ಕಪ್ಪು ಪರದೆಯ ಮೇಲೆ ಒಂದು ಹಸಿರು ಚುಕ್ಕೆ ಮಿಣುಕಿಸುತ್ತದೆ. ಅಡಿವೆವ್ವ ಬಲಗೈಯ ತೋರುಬೆರಳೊಂದನ್ನೇ ಬಳಸಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ಮುಂಜಾನೆ’ ಎಂದು ಒತ್ತುತ್ತಾರೆ. ಪರದೆಯ ಮೇಲೆ ಸಾಲುಗಳು ಇಳಿಯತೊಡಗುತ್ತವೆ. ಒಂದು ಸಾಲು, ಅದರ ಕೆಳಗೊಂದು ಉತ್ತರ. ಮತ್ತೊಂದು ಸಾಲು, ಮತ್ತೊಂದು ಉತ್ತರ. ಗಾಜಿಗೆ ತಾಗದಂತೆ ಬೆರಳು ಹಿಡಿದು ಅವರು ಪ್ರತಿ ಸಾಲನ್ನೂ ಹಿಂಬಾಲಿಸುತ್ತಾರೆ. ತುಟಿ ಆಡುತ್ತಿರುತ್ತದೆ: ಲಾಭ. ಎರಡು. ಮೂರು. ನಾಕು. ನಾಲ್ಕನೆಯ ಉತ್ತರ ಬಿದ್ದ ಮೇಲೆಯೇ ಅವರು ಸ್ಟೂಲಿನ ಮೇಲೆ ಕುಳಿತುಕೊಳ್ಳುವುದು.

ಕಾಳು ಅಳೆಯುವಾಗ ಈ ಸೀಮೆಯಲ್ಲಿ ಯಾರೂ ‘ಒಂದು’ ಎನ್ನುವುದಿಲ್ಲ. ಮೊದಲ ಅಳತೆಗೆ ‘ಲಾಭ’ ಎಂದೇ ಕೂಗಬೇಕು, ಆಮೇಲೆ ಎರಡು, ಮೂರು. ಆ ಶಾಸ್ತ್ರ ಕಣದಿಂದ ಕಂಪ್ಯೂಟರಿನವರೆಗೆ ನಡೆದುಬಂದ ಕಥೆ ಕೇಳಬೇಕಾದರೆ ಅಡಿವೆವ್ವನವರ ಪಕ್ಕದಲ್ಲಿ ಬೆಳಗಿನ ಎಂಟು ಗಂಟೆಯವರೆಗೆ ಕುಳಿತಿರಬೇಕು. ಎಂಟರ ಮೇಲೆ ಊರಿನ ಗಿರಣಿಗಳೂ ಪಂಪುಗಳೂ ಎದ್ದು ಕರೆಂಟು ಸೊರಗುತ್ತದೆ. ಆಗ ಯಂತ್ರಕ್ಕೆ ಮತ್ತೆ ಸೀರೆಯ ಮುಸುಕು. ಸಂಬಳದ ಆಪರೇಟರುಗಳು ಹತ್ತಕ್ಕೆ ಬರುವವರಾದ್ದರಿಂದ, ಸಂಘದ ಕಂಪ್ಯೂಟರನ್ನು ನಿಜವಾಗಿ ನಡೆಸುವುದು ನೀರು ಚಿಮುಕಿಸುವ ಈ ಹೆಂಗಸು.

ಅಡಿವೆವ್ವನವರಿಗೆ ಈಗ ನಲವತ್ತೆಂಟು. ಹುಟ್ಟಿದ್ದು ಆಡೂರಿನಲ್ಲಿ, ಓದಿದ್ದು ನಾಲ್ಕನೇ ಇಯತ್ತೆ. ಎಪ್ಪತ್ನಾಲ್ಕರಲ್ಲಿ ಸಂಘಕ್ಕೆ ಬೀಜ ಎಣಿಸುವ ಕೂಲಿಯಾಗಿ ಬಂದವರು ಹದಿನೈದು ವರ್ಷದಿಂದ ಎಣಿಸುತ್ತಲೇ ಇದ್ದಾರೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಕೇಂದ್ರಗಳಿಂದ ಬರುವ ಪ್ರತಿ ಮಾಲಿನಿಂದ ನಾನೂರು ಬೀಜ ಆರಿಸಿ ಒದ್ದೆ ತಟ್ಟಿನಲ್ಲಿ ಸುತ್ತಿಡಬೇಕು. ಜೋಳವಾದರೆ ಹತ್ತನೆಯ ದಿನ ಬಿಚ್ಚಿ, ಎಷ್ಟು ಮೊಳೆತಿವೆ ಎಂದು ಎಣಿಸಬೇಕು. ಹಂಗಾಮಿನಲ್ಲಿ ದಿನಕ್ಕೆ ಮೂವತ್ತು ಮಾದರಿ, ಅಂದರೆ ಹನ್ನೆರಡು ಸಾವಿರ ಬೀಜ. ನೂರಕ್ಕೆ ಎಪ್ಪತ್ತೈದಾದರೂ ಮೊಳೆಯದ ಜೋಳ ಬಿತ್ತಲು ಹೋಗುವಂತಿಲ್ಲ. ಅದು ಹಿಟ್ಟಿನ ಗಿರಣಿಗೆ.

ಎಣಿಕೆ ಕೋಣೆಯಲ್ಲಿ ನಾಲ್ವರು ಹೆಂಗಸರು ಕುಳಿತುಕೊಳ್ಳುತ್ತಾರೆ. ಉಳಿದ ಮೂವರು ಬಾಯೊಳಗೇ ಎಣಿಸಿದರೆ ಅಡಿವೆವ್ವ ಗಟ್ಟಿಯಾಗಿ ಕೂಗಿ ಎಣಿಸುತ್ತಾರೆ. ಕಿವಿ ಹೋಗುತ್ತದೆ ಎಂದು ಮೊದಮೊದಲು ಮೂವರೂ ಬೈದರಂತೆ. ಈಗ ಅಡಿವೆವ್ವ ರಜೆ ಹಾಕಿದ ದಿನ ಅವರಿಗೆ ಎಣಿಕೆ ತಪ್ಪುತ್ತದೆ.

ಈ ಕೂಗುವ ಚಟ ಅಪ್ಪನಿಂದ ಬಂದದ್ದು. ಅಪ್ಪ ಹೂವಪ್ಪ ಊರಿನ ದೊಡ್ಡವರ ಕಣದಲ್ಲಿ ದುಡಿಯುತ್ತಿದ್ದವರು. ಸುಗ್ಗಿಯಲ್ಲಿ ರಾಶಿ ಅಳೆದು ಮುಗಿದ ಮೇಲೆ, ಇಷ್ಟು ಕೊಳಗಕ್ಕೆ ಇಷ್ಟು ಎಂದು ಅವರ ಪಾಲು. ಕಾಳು ಅಳೆಯುವ ಆ ಕೊಳಗ ಎಷ್ಟು ಸಲ ತುಂಬಿತು ಎನ್ನುವುದರ ಮೇಲೆ ಮನೆಯ ವರ್ಷದ ಅಂಬಲಿ ನಿಂತಿತ್ತು.

“ನಮ್ಮಪ್ಪ ರಾಶಿ ಹಂತ್ಯಾಕ ಹೋಗಂಗಿರಲಿಲ್ರಿ. ಕಣದ ಅಂಚಿಗೆ ನಿಂದ್ರತಿದ್ದ. ಅಳಿಯಾವ್ರು ಲಾಭ, ಎರಡು, ಮೂರು ಅಂತ ಕೂಗಿದ್ರ ಅಲ್ಲೇ ನಿಂತು ಬಟ್ಟು ಮಡಚತಿದ್ದ. ಕಣ್ಣಿಗೆ ಕಾಣದಿದ್ರೂ ಕಿವಿಗೆ ಬೀಳ್ತಿತ್ತಲ್ರಿ, ಅದಾ ನಮ್ಮ ಲೆಕ್ಕ” ಎನ್ನುತ್ತಾರೆ ಅಡಿವೆವ್ವ. ಹೇಳುವಾಗ ದನಿಯಲ್ಲಿ ಸಿಟ್ಟಿಲ್ಲ.

ಒಂದು ವರ್ಷ ಅಳೆಯುವವನಿಗೆ ನೆಗಡಿಯಂತೆ, ದನಿ ಬಿದ್ದಿದೆಯಂತೆ. ಇಡೀ ರಾಶಿಯನ್ನು ಸುಮ್ಮನೆ ಅಳೆದ. ಅಪ್ಪ ಬೆರಳು ಮಡಚಲು ಕಾಯುತ್ತ ನಿಂತೇ ಇದ್ದರು, ರಾಶಿ ಕರಗಿಹೋಯಿತು. ಕೊಟ್ಟಷ್ಟನ್ನು ಹೊತ್ತುಕೊಂಡು ಮನೆಗೆ ಬಂದರು. ಜಗಳ ಮಾಡುವ ಕಾಲವಲ್ಲ ಅದು, ಬಡವನ ಸಿಟ್ಟು ದವಡೆಗೆ ಮೂಲ. ಆದರೆ ಆ ರಾತ್ರಿ ಊಟಕ್ಕೆ ಕುಳಿತಾಗ ಹೂವಪ್ಪ ಹೇಳಿದ ಒಂದು ಮಾತು ಮನೆಯಲ್ಲಿ ಗಾದೆಯಾಗಿ ಉಳಿಯಿತು: ಕೂಗದ ಕೊಳಗಕ್ಕ ಲೆಕ್ಕಿಲ್ಲ. ಅಡಿವೆವ್ವನಿಗೆ ಆಗ ಎಂಟು ವರ್ಷ.

ಸಂಘಕ್ಕೆ ಕಂಪ್ಯೂಟರ್ ಬಂದದ್ದು ಎಂಬತ್ತಾರರ ಕೊನೆಗೆ. ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೆತ್ತೆ ಹಾಕಿ ಬಸ್ ನಿಲ್ದಾಣದಿಂದ ತಂದರು, ಕಾಯಿ ಒಡೆದರು, ಅಧ್ಯಕ್ಷರು ಭಾಷಣ ಮಾಡಿದರು. ಅದನ್ನು ನಡೆಸುವವರು ಯಾರು ಎನ್ನುವುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಕೊನೆಗೆ ಸವಣೂರಿನಲ್ಲಿ ಟೈಪಿಂಗ್ ಶಾಲೆ ನಡೆಸುವ ಕುತುಬುದ್ದೀನ ಮಾಸ್ತರರು ಸಿಕ್ಕರು. ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದವರು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಬಸ್ಸು ಹತ್ತಿ ಬಂದು ಹೋಗುತ್ತಾರೆ. ಉಳಿದ ದಿನ ಬೆಳಗಿನ ಕೆಲಸಕ್ಕೆ ಯಾರು? ಕೀಲಿಕೈ ಯಾರ ಸೆರಗಿನಲ್ಲಿದೆಯೋ ಅವರು. ಮಾಸ್ತರರು ಅಡಿವೆವ್ವನವರನ್ನು ಕೂರಿಸಿಕೊಂಡು ಕೆಂಪು ಚೀಟಿ, ನೀಲಿ ಚೀಟಿ, ಏಳು ಅಕ್ಷರ ಎಂದು ಒಂದೇ ಬೆಳಿಗ್ಗೆ ಕಲಿಸಿದರು.

ಆ ಏಳು ಅಕ್ಷರದ ಹಿಂದಿರುವುದಕ್ಕೆ ಬ್ಯಾಚ್ ಫೈಲ್ ಎಂದು ಹೆಸರು. ದೊಡ್ಡ ಗುಟ್ಟೇನಲ್ಲ. ಅತ್ತೆಯಾದವಳು ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮಲಗಿದರೆ, ಸೊಸೆ ಎದ್ದು ಒಂದೊಂದಾಗಿ ಮಾಡಿ ಮುಗಿಸುವುದಿಲ್ಲವೇ, ಹಾಗೆ. ಹಾನಗಲ್ಲಿನ ಮೊಳಕೆ ಎಣಿಕೆಯ ಪಟ್ಟಿಯನ್ನು ಕೆಂಪು ಫ್ಲಾಪಿಯಿಂದ ನೀಲಿಗೆ ನಕಲು ಮಾಡು, ಶಿಗ್ಗಾವಿಯದನ್ನು ಮಾಡು, ಸವಣೂರಿನದು, ಹಿರೇಕೆರೂರಿನದು. ಆಮೇಲೆ ಮೊಳಕೆಯ ಶೇಕಡಾ ತೆಗೆ, ಚೀಲಕ್ಕೆ ಕಟ್ಟುವ ಚೀಟಿ ಅಚ್ಚುಮಾಡು. ಸೊಸೆ ‘ಈಗ ಇದನ್ನು ಮಾಡುತ್ತಿದ್ದೇನೆ’ ಎಂದು ಪ್ರತಿ ಕೆಲಸವನ್ನೂ ಹೇಳುತ್ತ ಮಾಡಬಹುದು, ಬಾಯಿ ಮುಚ್ಚಿಕೊಂಡೂ ಮಾಡಬಹುದು. ಯಂತ್ರಕ್ಕೆ ಅದನ್ನು ಹೇಳಿಕೊಡುವ ಮಾತೇ ‘ಎಕೋ’. ಎಕೋ ಆನ್ ಎಂದರೆ ಮಾಡುವ ಮುಂಚೆ ಪ್ರತಿ ಆಜ್ಞೆಯೂ ಪರದೆಯ ಮೇಲೆ ಕಾಣುತ್ತದೆ. ಎಕೋ ಆಫ್ ಎಂದರೆ ಆಜ್ಞೆಗಳು ಮರೆಯಾಗುತ್ತವೆ, ಉತ್ತರಗಳಷ್ಟೇ ಬೀಳುತ್ತವೆ.

ಮೊದಲ ಮೂರು ತಿಂಗಳು ಯಂತ್ರ ಹೇಳುತ್ತಲೇ ಕೆಲಸ ಮಾಡಿತು. ಅಡಿವೆವ್ವನವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ನಾಲ್ಕು ಸಾಲಿಗೆ ನಾಲ್ಕು ಉತ್ತರ ಬೀಳಬೇಕೆಂಬುದು ಎರಡನೆಯ ದಿನಕ್ಕೇ ಗೊತ್ತಾಗಿತ್ತು. ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಓಗೊಡುತ್ತಾರೆ. ಇದು ಹೊಸದೇನಲ್ಲ, ನಮ್ಮ ಕಣದ ಪದ್ಧತಿಯೇ ಎಂದುಕೊಂಡರು.

ಎಂಬತ್ತೇಳರ ಮಾರ್ಚಿನಲ್ಲಿ ಧಾರವಾಡದಿಂದ ಯಾರೋ ಸಾಹೇಬರು ಯಂತ್ರ ನೋಡಲು ಬಂದರು. ಪರದೆಯ ಮೇಲೆ ಸಾಲುಗಳು ಓಡುವುದನ್ನು ಕಂಡು, ಇದೇನು ಕೆಟ್ಟಿದೆಯೇ ಎಂದು ಕೇಳಿದರು. ಸಂಘದ ಕಾರ್ಯದರ್ಶಿ ಶಂಕ್ರಪ್ಪನವರಿಗೆ ಅವಮಾನವಾಯಿತು. ಕಚೇರಿಯ ಮೇಜಿನ ಮೇಲೆ ಒಂದು ಕಾಗದ ಅಡ್ಡಾದಿಡ್ಡಿ ಇದ್ದರೂ ಸಹಿಸದ ಮನುಷ್ಯ ಅವರು. ಪರದೆ ತೊಳೆದ ಪಾಟಿಯ ಹಾಗೆ ಚೊಕ್ಕಟವಾಗಿರಬೇಕೆಂದು ಮಾಸ್ತರರಿಗೆ ಹೇಳಿದರು. ಮಾಸ್ತರರು ಬ್ಯಾಚ್ ಫೈಲಿನ ತಲೆಯ ಮೇಲೆ ಎಕೋ ಆಫ್ ಎಂಬ ಒಂದು ಸಾಲು ಸೇರಿಸಿದರು. ಉತ್ತರಗಳೂ ಉಳಿಯದಂತೆ ನಕಲು ಮುಗಿದ ಕೂಡಲೇ ಪರದೆ ಒರೆಸುವ ಇನ್ನೊಂದು ಸಾಲು ಹಾಕಿದರು. ಮರುದಿನ ಬೆಳಿಗ್ಗೆ ಅಡಿವೆವ್ವ ಕಂಡದ್ದು ಮೇಲ್ತುದಿಯಲ್ಲಿ ಎಕೋ ಆಫ್ ಎಂಬ ಒಂದು ಸಾಲು, ‘ಕಾಯಿರಿ’ ಎಂಬ ಇಂಗ್ಲಿಷ್ ಮಾತು, ಕಣ್ಣು ಮಿಟುಕಿಸುವಷ್ಟರಲ್ಲಿ ಮಿಂಚಿ ಹೋದ ಏನೋ ಒಂದಿಷ್ಟು ಅಕ್ಷರ, ಆಮೇಲೆ ‘ಸಿದ್ಧ’.

ಶುಕ್ರವಾರ ಮಾಸ್ತರರು ಬಂದಾಗ ಅಡಿವೆವ್ವ ಕೇಳಿದ್ದು ಒಂದೇ ಪ್ರಶ್ನೆ. “ಮಾಸ್ತರ್ರ, ಇದು ಯಾಕ ಮಾತಾಡವಲ್ಲದು?” ಮಾಸ್ತರರು ನಕ್ಕು ತಮ್ಮ ಕೆಲಸಕ್ಕೆ ತಿರುಗಿದರು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗಾಯಿತು ತನ್ನ ಕಥೆ ಎಂದು ಅವರು ಈಗ ತಾವೇ ಹೇಳಿಕೊಳ್ಳುತ್ತಾರೆ.

ಮುಂದಿನದು ಆ ವರ್ಷದ ಜೂನ್ ತಿಂಗಳ ಒಂದು ಬುಧವಾರದ ಸಂಗತಿ. ಮುಂಗಾರಿನ ಮೊದಲ ಪಟ್ಟಿಗಳು ಹಿಂದಿನ ದಿನ ಯಂತ್ರ ಸೇರಿದ್ದವು. ಅಡಿವೆವ್ವ ಎಂದಿನಂತೆ ಏಳು ಅಕ್ಷರ ಒತ್ತಿದರು, ‘ಸಿದ್ಧ’ ಎಂದಿತು, ಚೀಟಿಗಳು ಅಚ್ಚಾದವು. ಏಳು ಗಂಟೆಗೆ ಲಾರಿ ಬಂದು ನಿಂತಿತು. ಹಿರೇಕೆರೂರು ಕೇಂದ್ರದ ಹನ್ನೆರಡನೆಯ ನಂಬರಿನ ಜೋಳ, ನಲವತ್ಮೂರು ಚೀಲ, ಹೋಗಬೇಕಾದದ್ದು ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಗೆ. ಅಲ್ಲಿ ಮಳೆ ಬಿದ್ದು ಹದವಾಗಿತ್ತು, ಕೂರಿಗೆ ಹೂಡಿಕೊಂಡು ಜನ ಕಾಯುತ್ತಿದ್ದರು. ಚೀಲಗಳ ಬಾಯಿಗೆ ಚೀಟಿ ಕಟ್ಟುತ್ತಿದ್ದ ಅಡಿವೆವ್ವನವರ ಕೈ ನಿಂತಿತು. ಚೀಟಿಯ ಮೇಲೆ ಮೊಳಕೆ ಶೇಕಡಾ ಎಂಬತ್ತೆಂಟು ಎಂದಿತ್ತು.

ಆ ಮಾದರಿಯನ್ನು ಬಿಚ್ಚಿ ಎಣಿಸಿದವರು ಅವರೇ. ಬೂಸಲು ವಾಸನೆ ಹೊಡೆಯುತ್ತಿದ್ದ ತಟ್ಟು. ನಾನೂರರಲ್ಲಿ ಇನ್ನೂರ ನಲವತ್ನಾಲ್ಕು ಎಂದು ಕೂಗಿ ಮುಗಿಸಿದ್ದು ನೆನಪಿತ್ತು. ಅಂದರೆ ಅರವತ್ತೊಂದು. ಅದು ಬಿತ್ತುವ ಬೀಜವೇ ಅಲ್ಲ. ಬಿತ್ತಿದರೆ ಸಾಲಿನಲ್ಲಿ ಮೂರಕ್ಕೊಂದು ಜಾಗ ಬೋಳು, ಮತ್ತೆ ಬಿತ್ತೋಣವೆಂದರೆ ಹದ ಹೋಗಿರುತ್ತದೆ.

ಅಡಿವೆವ್ವ ಕಟ್ಟಿದ್ದ ಚೀಟಿಗಳನ್ನು ಒಂದೊಂದಾಗಿ ಬಿಚ್ಚಿ ಉಡಿಯಲ್ಲಿ ಹಾಕಿಕೊಂಡರು. ಆಮೇಲೆ ಚೀಲದ ಮೇಲೆ ಕುಳಿತುಬಿಟ್ಟರು. ಹಮಾಲರು ಎದ್ದೇಳಲು ಹೇಳಿದರು, ಚಾಲಕ ಹಾರ್ನ್ ಹೊಡೆದ, ಕಾರ್ಯದರ್ಶಿಗಳಿಗೆ ಸುದ್ದಿ ಹೋಯಿತು. ಶಂಕ್ರಪ್ಪನವರು ಸ್ನಾನ ಅರ್ಧಕ್ಕೆ ಬಿಟ್ಟು ಬಂದರು.

“ಮಿಷನ್ ಸುಳ್ಳು ಹೇಳೂದಿಲ್ಲ ಅಡಿವೆವ್ವ. ನೀನಾ ಏನರ ತಪ್ಪು ಒತ್ತಿರಬೇಕು” ಎಂದರು.

“ಮಿಷನ್ ಏನ್ ಎಣಿಸೇತೋ ನನಗ ಗೊತ್ತಿಲ್ರಿ ಸಾಹೇಬ್ರ. ನಾ ಎಣಿಸಿದ್ದು ಎರಡನೂರಾ ನಲವತ್ನಾಕು. ಕೂಗಿ ಎಣಿಸೇನಿ, ಮೂರು ಮಂದಿ ಕೇಳ್ಯಾರ.”

ಎಣಿಕೆ ಕೋಣೆಯ ಮೂವರೂ ಹೌದೆಂದರು. ಕೇಳಿದವರು ಮೂವರಿದ್ದಾಗ ಅಲ್ಲವೆನ್ನುವುದು ಕಷ್ಟ. ಲಾರಿ ಖಾಲಿಯಾಗಿ ನಿಂತಿತು. ಆದರೆ ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಯಂತ್ರ ಕೆಡಿಸಿದ ಅಪವಾದ ಅಡಿವೆವ್ವನವರ ತಲೆಯ ಮೇಲೆಯೇ ಬಂತು. ಓದು ಬಾರದವರ ಕೈಗೆ ಕೊಟ್ಟದ್ದೇ ತಪ್ಪಾಯಿತು, ಮಾಸ್ತರರು ಬಂದು ನೋಡುವವರೆಗೆ ಕೆಲಸಕ್ಕೆ ಬರುವುದು ಬೇಡ ಎಂದು ಶಂಕ್ರಪ್ಪನವರು ಕೀಲಿಕೈ ಕೇಳಿದರು. ಹದಿಮೂರು ವರ್ಷ ಸೆರಗಿನ ತುದಿಯಲ್ಲಿದ್ದ ಗಂಟನ್ನು ಅವರು ಎಲ್ಲರ ಎದುರು ಬಿಚ್ಚಬೇಕಾಯಿತು.

ಎರಡು ದಿನ ಮನೆಯಲ್ಲಿ ಕುಳಿತರು. ಹೋದರೆ ಹೋಗಲಿ, ಇನ್ನೆಲ್ಲಾದರೂ ಕೂಲಿ ಸಿಕ್ಕೀತು ಎಂದು ಗಂಡ ಮಲ್ಲೇಶಪ್ಪ ಸಮಾಧಾನ ಹೇಳಿದರು. ಅಡಿವೆವ್ವನವರಿಗೆ ಕೂಲಿಯ ಚಿಂತೆಗಿಂತ ಹೆಚ್ಚಾಗಿ ಚುಚ್ಚುತ್ತಿದ್ದದ್ದು ಬೇರೆ. ತಾನು ನಿಜವಾಗಿ ಏನಾದರೂ ತಪ್ಪು ಒತ್ತಿದೆನೋ ಎಂಬುದು ಅವರಿಗೇ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ದಾರಿಯೂ ಇರಲಿಲ್ಲ, ಯಂತ್ರ ಏನೂ ಹೇಳಿರಲಿಲ್ಲ. “ಬೈದದ್ದು ತಡಕೋಬಹುದ್ರಿ. ನಂದು ತಪ್ಪೋ ಅಲ್ಲೋ ಅಂತ ನನಗಾ ಗೊತ್ತಿಲ್ಲಂದ್ರ ಹೆಂಗ ತಡಕೋಬೇಕ್ರಿ?” ಎಂದು ಅವರು ಈಗಲೂ ಕೇಳುತ್ತಾರೆ.

ಶುಕ್ರವಾರ ಕುತುಬುದ್ದೀನ ಮಾಸ್ತರರು ಬಂದರು. ತಾವೇ ಏಳು ಅಕ್ಷರ ಒತ್ತಿದರು. ‘ಸಿದ್ಧ’ ಎಂದಿತು, ಎಂಬತ್ತೆಂಟೇ ಬಂತು. ಮತ್ತೆ ಒತ್ತಿದರು, ಅದೇ. ಆಗ ಅವರು, ಅಕ್ಕಾರನ್ನ ಕರೆಸಿರಿ ಎಂದರು. ಅಡಿವೆವ್ವ ಬಂದು, ತಾನು ಬುಧವಾರ ಮಾಡಿದ್ದನ್ನು ಮೊದಲಿನಿಂದ ಮಾಡಿ ತೋರಿಸಿದರು. ಕೆಂಪು ಚೀಟಿ ಮೇಲೆ, ನೀಲಿ ಚೀಟಿ ಕೆಳಗೆ. ಎಲ್ಲಿಯೂ ತಪ್ಪಿರಲಿಲ್ಲ. ಮಾಸ್ತರರು ಬ್ಯಾಚ್ ಫೈಲ್ ತೆರೆದು, ತಲೆಯ ಮೇಲಿನ ಎಕೋ ಆಫ್ ಸಾಲನ್ನೂ ಪರದೆ ಒರೆಸುವ ಸಾಲನ್ನೂ ತೆಗೆದುಹಾಕಿದರು. ಮತ್ತೆ ಒತ್ತಲು ಅಡಿವೆವ್ವನವರಿಗೇ ಹೇಳಿದರು.

ಯಂತ್ರ ಬಾಯಿ ಬಿಟ್ಟಿತು. ಹಾನಗಲ್ಲಿನ ಸಾಲು ಕಂಡಿತು, ಕೆಳಗೆ ‘ನಕಲಾಯಿತು’ ಎಂಬ ಉತ್ತರ. ಶಿಗ್ಗಾವಿಯದು ಕಂಡಿತು, ಉತ್ತರ ಬಂತು. ಸವಣೂರಿಗೂ ಬಂತು. ನಾಲ್ಕನೆಯ ಸಾಲು ಹಿರೇಕೆರೂರಿನದು. ಅದರ ಕೆಳಗೆ ಬಿದ್ದ ಉತ್ತರ ಬೇರೆ ಆಕಾರದ್ದು. ಅಡಿವೆವ್ವನವರ ಬೆರಳು ಅಲ್ಲೇ ನಿಂತಿತು. ಇದು ಓಗೊಟ್ಟಿಲ್ಲ ಎಂದರು. ಮಾಸ್ತರರು ಓದಿದರು: ಫೈಲ್ ಸಿಕ್ಕಿಲ್ಲ. ಹೊಸ ಪಟ್ಟಿ ಸಿಗದಿದ್ದಕ್ಕೆ ನೀಲಿ ಫ್ಲಾಪಿಯಲ್ಲಿದ್ದ ಹಿಂಗಾರಿನ ಹಳೆಯ ಪಟ್ಟಿ ಹಾಗೇ ಉಳಿದಿತ್ತು. ಹಂಗಾಮಿಗೊಮ್ಮೆ ನಂಬರು ಮೊದಲಿನಿಂದ ಶುರುವಾಗುತ್ತದಲ್ಲ, ಆ ಹಳೆಯ ಹನ್ನೆರಡನೆಯ ನಂಬರಿನ ಶೇಕಡಾವೇ ಎಂಬತ್ತೆಂಟು.

ಪಟ್ಟಿ ಸಿಗಲಿಲ್ಲ ಏಕೆ? ಕೇಂದ್ರಗಳ ಪಟ್ಟಿಗೆ ಇಲ್ಲಿಯ ಎಣಿಕೆ ಸೇರಿಸಿ, ಸಂಜೆ ಕರೆಂಟು ಸುಧಾರಿಸಿದ ಮೇಲೆ ಯಂತ್ರಕ್ಕೆ ತುಂಬುವ ಆಪರೇಟರ್ ಸರೋಜವ್ವನನ್ನು ಕರೆದರು. ತಾನು ತುಂಬಿದ್ದೇನೆ, ಇದೆಯಲ್ಲ ಎಂದು ಆಕೆ ತೋರಿಸಿದ ಹೆಸರು ಯಂತ್ರ ಹುಡುಕುತ್ತಿದ್ದ ‘ಹಿರೇಕೆರೂರು ಒಂದು’ ಅಲ್ಲ, ‘ಹಿರೇಕೆರೂರು ಲಾಭ’. ಹಿರೇಕೆರೂರು ಕೇಂದ್ರ ನೋಡಿಕೊಳ್ಳುವ ಮಹಾಲಿಂಗಪ್ಪನವರು ಮೂವತ್ತು ವರ್ಷ ಕಾಳಿನ ವ್ಯಾಪಾರ ಮಾಡಿದ ಹಿರಿಯರು. ಮುಂಗಾರಿನ ಮೊದಲ ಪಟ್ಟಿಯ ನೆತ್ತಿಯ ಮೇಲೆ, ಶಾಸ್ತ್ರಕ್ಕೆ ತಪ್ಪದೆ, ‘ಲಾಭ’ ಎಂದೇ ಬರೆದು ಕಳಿಸಿದ್ದರು. ಸರೋಜವ್ವ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಇದ್ದ ಹಾಗೆ ಒತ್ತಿದ್ದಳು. ಹಿಂಗಾರಿನ ಪಟ್ಟಿಗಳನ್ನು ಮಾಸ್ತರರೇ ತುಂಬಿದ್ದರಿಂದ ಈ ತೊಡಕು ಮೊದಲು ಬಂದಿರಲಿಲ್ಲ.

“ಹಂಗಾಮಿನ ಮೊದಲನೇದ್ದಕ್ಕ ಯಾರರ ಒಂದು ಅಂತಾರೇನ್ರಿ?” ಎಂದು ಸರೋಜವ್ವ ಕೇಳಿದಳು. ಮನೆಯ ರಾಶಿ ಅಳೆಯುವಾಗ ಶಂಕ್ರಪ್ಪನವರೂ ಲಾಭ ಎಂದೇ ಕೂಗುವವರು. ಮಾಸ್ತರರ ಮನೆಯಲ್ಲೂ ಅದೇ. ಹುಬ್ಬಳ್ಳಿಯ ಪಾಠದಲ್ಲಿ ಮಾತ್ರ ಇದು ಬಂದಿರಲಿಲ್ಲ.

ಕೊನೆಗೆ ಮಾಸ್ತರರು ಎದ್ದು ನಿಂತು ಹೇಳಿದರು: “ತಪ್ಪು ಅಕ್ಕಾರದಲ್ರಿ, ಸರೋಜವ್ವಂದೂ ಅಲ್ಲ. ಮಿಷನ್ ಬಾಯಿ ಕಟ್ಟಿದಾಂವ ನಾನು.” ಬಾಯಿ ಕಟ್ಟಲು ಹೇಳಿದವರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಶಂಕ್ರಪ್ಪನವರು ಜೇಬಿನಿಂದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋದರು. ಅಂದಿನಿಂದ ಹಾನಗಲ್ಲಿನ ಯಂತ್ರ ಹೇಳುತ್ತಲೇ ಕೆಲಸ ಮಾಡುತ್ತಿದೆ. ನೋಡಲು ಬಂದ ಸಾಹೇಬರು ಕೆಟ್ಟಿದೆಯೇ ಎಂದು ಕೇಳಿದರೆ, ಇಲ್ಲ, ಲೆಕ್ಕ ಒಪ್ಪಿಸುತ್ತಿದೆ ಎಂದು ಸರೋಜವ್ವ ಉತ್ತರ ಕೊಡುತ್ತಾಳೆ.

ಈ ಎರಡು ವರ್ಷದಲ್ಲಿ ಅಡಿವೆವ್ವ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಲು ಕಲಿತಿದ್ದಾರೆ. ಕಲಿತದ್ದು ಪುಸ್ತಕದ ಕ್ರಮದಲ್ಲಲ್ಲ, ಕೀಲಿಮಣೆಯ ಕ್ರಮದಲ್ಲಿ. ಅವರ ಎ, ಬಿ, ಸಿ, ಡಿ ಕ್ಯೂ ಅಕ್ಷರದಿಂದ ಶುರುವಾಗುತ್ತದೆ. ಮೊಳಕೆ ಕೋಣೆಯ ಗೂಡಿನಲ್ಲಿ ನೂರು ಪುಟದ ಒಂದು ವಹಿ ಇದೆ. ನಾಲ್ಕರಲ್ಲಿ ಒಂದು ಸಾಲು ಓಗೊಡದ ದಿನ ಅದರಲ್ಲಿ ತಾರೀಖು ಬೀಳುತ್ತದೆ. ಈವರೆಗೆ ಒಂಬತ್ತು ಸಲ ಬಿದ್ದಿದೆ. ಒಮ್ಮೆ ಫ್ಲಾಪಿಗೆ ತೇವ ಹಿಡಿದಿತ್ತು, ಎರಡು ಸಲ ಸವಣೂರಿನ ಪಟ್ಟಿ ಬಸ್ಸಿನಲ್ಲೇ ಮುಂದಿನ ಊರಿಗೆ ಹೋಗಿತ್ತು. ಒಂಬತ್ತು ಸಲವೂ ಚೀಟಿ ಅಚ್ಚಾಗುವ ಮುಂಚೆ ಅವರು ಯಂತ್ರ ನಿಲ್ಲಿಸಿದ್ದಾರೆ. ಹಿರೇಬೆಂಡಿಗೇರಿಯಲ್ಲಿ ಸಾಲು ತುಂಬಿ ನಿಂತ ಜೋಳ ನೋಡಿದವರಿಗೆ ಇದಾವುದೂ ಗೊತ್ತಿಲ್ಲ, ಗೊತ್ತಾಗುವ ಕಾರಣವೂ ಇಲ್ಲ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬಹುದಿತ್ತು. ಆದರೆ ದಸರೆಗೆ ಸಂಘಕ್ಕೆ ಹೊಸ ಕಂಪ್ಯೂಟರ್ ಬರುತ್ತಿದೆ. ಹೊಸ ಕೋಣೆ ಕಟ್ಟಿಸಿದ್ದಾರೆ, ನೆಲಕ್ಕೆ ಜಮಖಾನೆ ಹಾಸಿದ್ದಾರೆ. ಹೋದ ವಾರ ಮಾರಾಟದವರು ಯಂತ್ರ ತಂದು ನಡೆಸಿ ತೋರಿಸಿದರು. ಅದರ ಬ್ಯಾಚ್ ಫೈಲ್ ಅವರೇ ಮಾಡಿ ತಂದದ್ದು. ಬಣ್ಣದ ಪರದೆಯ ಮೇಲೆ ಸಂಘದ ಹೆಸರು ಹೂಬಳ್ಳಿಯ ನಡುವೆ ಮೂಡಿತು, ಸಂಗೀತದಂಥ ಒಂದು ಸದ್ದಾಯಿತು, ‘ಮುಗಿಯಿತು’ ಎಂದಿತು. ಆಡಳಿತ ಮಂಡಳಿಯವರು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಅಡಿವೆವ್ವ ಮಾತ್ರ ಮಾಸ್ತರರ ಕಡೆ ನೋಡಿದರು. ಈ ಹೊಸ ಯಂತ್ರದಲ್ಲಿ ಎಕೋ ಆಫ್ ಸಾಲಿನ ಮೊದಲಿಗೆ ಒಂದು ಸಣ್ಣ ಚಿಹ್ನೆ ಹಾಕಿದರೆ ಆ ಸಾಲೂ ಕಾಣುವುದಿಲ್ಲ ಎಂದು ಮಾಸ್ತರರು ವಿವರಿಸಿದರು.

“ಹಳೇದು ಸುಮ್ಮನಾಗೂ ಮುಂದ ಸುಮ್ಮನಾಗ್ತೇನಿ ಅಂತರ ಹೇಳ್ತಿತ್ತು. ಇದು ಅದನ್ನೂ ಹೇಳವಲ್ಲದು” ಎಂದರು ಅಡಿವೆವ್ವ.

ಮಾರಾಟದವರು ನಕ್ಕರು. ದಸರೆಯಿಂದ ಇದನ್ನು ಒತ್ತುವವರು ಇವರೇ ಎಂದು ಗೊತ್ತಾದಾಗ, ಒಂದು ಸಲ ಒತ್ತಿ ನೋಡಲು ಅವರನ್ನೇ ಕರೆದರು. ಅಡಿವೆವ್ವ ಹೊಸ್ತಿಲು ದಾಟಲಿಲ್ಲ. ಮಂಡಳಿಯವರೆಲ್ಲ ಕೇಳುವ ಹಾಗೆ, ದನಿ ಏರಿಸದೆ ಹೇಳಿದರು: “ಏನ್ ಮಾಡಾಕತ್ತೇನಿ ಅಂತ ಹೇಳದ ಮಿಷನ್ನಿಗೆ ನಾ ಕೈ ಹಚ್ಚೂದಿಲ್ರಿ. ಬೇಕಾದ್ರ ಕೀಲಿ ಈಗ ಕೊಡ್ತೇನಿ.” ಅನ್ನುತ್ತ ಸೆರಗಿನ ಗಂಟಿಗೆ ಕೈ ಹಾಕಿದರು.

ಗ್ರಾಹಕರಿಗೆ ಚೊಕ್ಕಟ ಪರದೆ ಇಷ್ಟ, ಈಗ ಎಲ್ಲ ಕಡೆ ಹೀಗೇ ಎಂದು ಮಾರಾಟದವರು ಶುರುಮಾಡಿದರು. ಪರದೆ ತೊಳೆದ ಪಾಟಿಯ ಹಾಗಿರಬೇಕೆಂದು ಒಂದು ಕಾಲಕ್ಕೆ ಹಟ ಹಿಡಿದಿದ್ದ ಶಂಕ್ರಪ್ಪನವರು ಅವರ ಮಾತನ್ನು ಅರ್ಧಕ್ಕೆ ತಡೆದರು. “ಅಕಿಗೆ ಕಾಣೂ ಹಂಗ ಮಾಡಿಕೊಡ್ರಿ. ಆಗೂದಿಲ್ಲಂದ್ರ ಮಿಷನ್ ಹೊಳ್ಳಿ ಒಯ್ರಿ” ಎಂದರು. ಎರಡು ವರ್ಷದ ಹಿಂದೆ ಆಡಬೇಕಾಗಿದ್ದ ಮಾತನ್ನು ಮನುಷ್ಯ ಹೀಗೂ ಆಡಿ ತೀರಿಸಬಹುದು. ಮಾಸ್ತರರು ಬ್ಯಾಚ್ ಫೈಲ್ ತೆರೆದು ಮೊದಲ ಸಾಲು ಅಳಿಸಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಹೂಬಳ್ಳಿ ಹಾಗೇ ಉಳಿಯಿತು, ಅದರ ಕೆಳಗೆ ಸಾಲುಗಳು ಇಳಿದವು. ಅಡಿವೆವ್ವ ಒಳಗೆ ಬಂದು ಬೆರಳು ಹಿಡಿದು ನಾಲ್ಕನ್ನೂ ಎಣಿಸಿದರು.

ಈಗ ಎಂಟು ಹೊಡೆಯುತ್ತದೆ. ಕರೆಂಟು ಮಂಕಾಗುವ ಮುಂಚೆ ಹಳೆಯ ಯಂತ್ರಕ್ಕೆ ಮುಸುಕು ಹಾಕುತ್ತ ಅಡಿವೆವ್ವ, ಮಂಡಳಿಯವರಲ್ಲಿ ಇನ್ನೂ ಒಂದನ್ನು ಕೇಳಿದ್ದೇನೆ ಎನ್ನುತ್ತಾರೆ. ಸಂಬಳ ಹೆಚ್ಚಳವೋ, ಆಪರೇಟರ್ ಎಂಬ ಹೆಸರೋ ಇರಬೇಕು ಎಂದುಕೊಂಡರೆ ಅಲ್ಲ. ಹೊಸ ಕೋಣೆಯಲ್ಲಿ ಮೇಜು ಹಾಕಿರುವ ರೀತಿ ಅವರಿಗೆ ಸರಿಬಂದಿಲ್ಲ. ಪರದೆಯ ಬೆನ್ನು ಬಾಗಿಲಿಗಿದೆ.

“ಮಿಷನ್ ಮಾರಿ ಬಾಗಲ ಕಡೆ ತಿರುಗಿಸಿ ಇಡ್ರಿ ಅಂದೇನಿ. ಬೀಜ ತಂದವರು ಹೊರಗ ನಿಂತಿರ್ತಾರ. ಜಮಖಾನಿ ಮ್ಯಾಲೆ ಬರಾಕ ಅಂಜತಾರ್ರಿ. ಅವರಿಗೂ ಕಾಣ್ಲಿ.”

ಅವರಿಗೆ ಇಂಗ್ಲಿಷ್ ಎಲ್ಲಿ ಬರುತ್ತದೆ ಎಂದು ಕೇಳಿದರೆ ಅಡಿವೆವ್ವ ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತ ನಗುತ್ತಾರೆ.

“ನನಗರ ಎಲ್ಲಿ ಬರತಿತ್ರಿ? ನಮ್ಮಪ್ಪಗ ಅಂಕಿನಾ ಬರತಿರಲಿಲ್ಲ. ದೂರ ನಿಂತು ನಾಕು ಎಣಿಸಾಕ ಬಂದ್ರ ಸಾಕು.”